ವಾನ್ ಮನೆತನ: ನೆಲ ಕಳೆದುಕೊಂಡವರ ಮನೆಯಲ್ಲೇ ಗುಲಾಮರಿದ್ದರು

ಅಮೆರಿಕದ ಜಾರ್ಜಿಯಾ ರಾಜ್ಯದ ಸ್ಪ್ರಿಂಗ್ ಪ್ಲೇಸ್ ಎಂಬಲ್ಲಿ ಕೆಂಪು ಇಟ್ಟಿಗೆಯ ದೊಡ್ಡ ಮನೆಯೊಂದು ಇವತ್ತಿಗೂ ನಿಂತಿದೆ. 1804ರ ಹೊತ್ತಿಗೆ ಅದನ್ನು ಕಟ್ಟಿಸಿದವನು ಬಿಳಿಯ ಜಮೀನ್ದಾರನಲ್ಲ, ಚೆರೋಕಿ ಎಂಬ ಮೂಲನಿವಾಸಿ ಜನಾಂಗದ ಮುಖಂಡ ಜೇಮ್ಸ್ ವಾನ್. ಅವನ ಹೊಲಗಳಲ್ಲಿ ದುಡಿದವರು ಆಫ್ರಿಕಾ ಮೂಲದ ಗುಲಾಮರು.

ಬಿಳಿಯರಿಂದ ನೆಲ ಕಳೆದುಕೊಂಡ ಜನರೇ ಗುಲಾಮರನ್ನು ಇಟ್ಟುಕೊಂಡಿದ್ದರೇ? ಹೌದು. ಎಲ್ಲರೂ ಅಲ್ಲ. 1835ರ ಗಣತಿಯಲ್ಲಿ ಚೆರೋಕಿಗಳು 16,542, ಅವರ ಬಳಿ ಇದ್ದ ಗುಲಾಮರು 1,592. ಹೆಚ್ಚಿನ ಚೆರೋಕಿ ಕುಟುಂಬಗಳಲ್ಲಿ ಒಬ್ಬ ಗುಲಾಮನೂ ಇರಲಿಲ್ಲ. ಆದರೆ ಜೇಮ್ಸ್‌ನ ಮಗ ಜೋಸೆಫ್ ವಾನ್ ಒಬ್ಬನ ಬಳಿಯೇ 110 ಮಂದಿ ಇದ್ದರು.

ಅಪ್ಪ, ಮಗ, ಆಸ್ತಿ

ಬೇಟೆ ಬಿಟ್ಟು ಬೇಸಾಯ ಹಿಡಿಯಿರಿ, ನಮ್ಮಂತೆ ಬದುಕಿ ಎಂದು ಅಮೆರಿಕ ಸರ್ಕಾರ ಚೆರೋಕಿಗಳನ್ನು ಒತ್ತಾಯಿಸುತ್ತಿದ್ದ ಕಾಲ ಅದು. ಅನುಕೂಲಸ್ಥರಾದ ಕೆಲವರು ನೆರೆಯ ಬಿಳಿಯರ ದಾರಿಯನ್ನೇ ಹಿಡಿದರು: ದೊಡ್ಡ ಹಿಡುವಳಿ, ಹತ್ತಿ, ಗುಲಾಮರು. ಜೇಮ್ಸ್ ವಾನ್ ಅವರಲ್ಲಿ ಮುಂಚೂಣಿಯವನು. ಸರ್ಕಾರದ ಹೆದ್ದಾರಿ ಅವನ ಜಮೀನಿನ ಮೇಲೆ ಹಾದುಹೋಯಿತು. ಅಂಗಡಿ, ದೋಣಿಗಟ್ಟೆ, ಹೆಂಡದಂಗಡಿ ಎಲ್ಲವೂ ಅವನವೇ. ಮಿಷನರಿಗಳಿಗೆ ಜಾಗ ಕೊಡಿಸಿದವನೂ ಅವನೇ. ಅವರು ಬರೆದಿಟ್ಟ ದಿನಚರಿಗಳಲ್ಲೇ ಅವನ ಕುಡಿತ, ಹೆಂಡತಿಗೂ ಗುಲಾಮರಿಗೂ ಕೊಟ್ಟ ಹಿಂಸೆ ದಾಖಲಾಗಿದೆ. 1809ರಲ್ಲಿ ಯಾರೋ ಅವನನ್ನು ಗುಂಡಿಟ್ಟು ಕೊಂದರು.

ಅವನ ಉಯಿಲಿನ ಪ್ರಕಾರ ಆಸ್ತಿಯ ಬಹುಪಾಲು ಮಗ ಜೋಸೆಫ್‌ಗೆ ಹೋಗಬೇಕಿತ್ತು. ಆದರೆ ಚೆರೋಕಿಗಳಲ್ಲಿ ಅಳಿಯಸಂತಾನದಂಥ ಪದ್ಧತಿ ಇತ್ತು. ಮಕ್ಕಳು ತಾಯಿಯ ಬಳಿಗೆ ಸೇರಿದವರು, ಮನೆ ಹೆಂಗಸಿನದು. ಅಪ್ಪನಿಂದ ಮಗನಿಗೆ ಎಂಬುದು ಬಿಳಿಯರ ಕಾನೂನು. ಕೊನೆಗೆ ಚೆರೋಕಿ ಪಂಚಾಯಿತಿ ನಡುವೆ ಬಂದು ವಿಧವೆಗೂ ಉಳಿದ ಮಕ್ಕಳಿಗೂ ಪಾಲು ಕೊಡಿಸಿತು. ಆಸ್ತಿ ಹೀಗೆ ಹಂಚಿಹೋದರೂ ದೊಡ್ಡ ಪಾಲು ಪಡೆದ ಜೋಸೆಫ್, ಮುಂದೆ ‘ಶ್ರೀಮಂತ ಜೋ’ ಎಂದೇ ಹೆಸರಾದ.

ಮನೆಯಿಂದ ಹೊರಗೆ

ಆ ಸಿರಿವಂತಿಕೆ ಅವನನ್ನು ಕಾಯಲಿಲ್ಲ. ಚೆರೋಕಿ ನೆಲದಲ್ಲಿ ಚಿನ್ನ ಸಿಕ್ಕಿತು. 1830ರಲ್ಲಿ ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಸಾಗಿಸುವ ಕಾಯ್ದೆ ಬಂತು. ಜಾರ್ಜಿಯಾ ಸರ್ಕಾರ ಚೆರೋಕಿಗಳ ಜಮೀನನ್ನು ಲಾಟರಿ ಎತ್ತಿ ಬಿಳಿಯರಿಗೆ ಹಂಚಿತು. ಬಿಳಿಯ ಮೇಸ್ತ್ರಿಯೊಬ್ಬನನ್ನು ಕೆಲಸಕ್ಕೆ ಇಟ್ಟುಕೊಂಡದ್ದೇ ಜೋಸೆಫ್‌ನ ಅಪರಾಧವಾಯಿತು. ಮನೆ ನನ್ನದೆಂದು ಇಬ್ಬರು ಬಿಳಿಯರು ಅಲ್ಲೇ ಬಡಿದಾಡಿದರು, ಉರಿಯುವ ಕೊಳ್ಳಿಯನ್ನು ಮೆಟ್ಟಿಲಿನ ಮೇಲೆ ಎಸೆದರು. 1835ರ ಚಳಿಯಲ್ಲಿ ವಾನ್ ಕುಟುಂಬ ಮನೆ ಬಿಟ್ಟಿತು.

ಮೂರು ವರ್ಷದ ನಂತರ ಉಳಿದ ಚೆರೋಕಿಗಳನ್ನೂ ಸೈನ್ಯ ಹೊರಗಟ್ಟಿತು. ಆ ದಾರಿಯಲ್ಲಿ ಸುಮಾರು 4,000 ಜನ ಸತ್ತರೆಂದು ಅಂದಾಜು. ‘ಕಣ್ಣೀರ ಹಾದಿ’ ಎಂದು ಅದನ್ನು ಕರೆಯುತ್ತಾರೆ. ಅದೇ ಹಾದಿಯಲ್ಲಿ ಚೆರೋಕಿ ಯಜಮಾನರ ಗುಲಾಮರೂ ನಡೆದರು. ನೆಲ ಹೋದವರ ಲೆಕ್ಕದಲ್ಲಿ ಅವರ ಹೆಸರು ಬಹುಕಾಲ ಬರಲಿಲ್ಲ.

ಗುಲಾಮರು ಬೀಗ ಹಾಕಿದ ದಿನ

ಜೋಸೆಫ್ ಈಗಿನ ಒಕ್ಲಹೋಮಾದ ವೆಬರ್ಸ್ ಫಾಲ್ಸ್‌ನಲ್ಲಿ ಮತ್ತೆ ಬೇಸಾಯ ಕಟ್ಟಿದ, ಹಬೆ ದೋಣಿ ಓಡಿಸಿದ. 1842ರ ನವೆಂಬರ್ 15ರ ನಸುಕಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಗುಲಾಮರು ಯಜಮಾನರನ್ನೂ ಮೇಸ್ತ್ರಿಗಳನ್ನೂ ಮನೆಯೊಳಗೆ ಕೂಡಿ ಬೀಗ ಜಡಿದರು. ಅವರಲ್ಲಿ ಹೆಚ್ಚಿನವರು ವಾನ್‌ನ ಗುಲಾಮರು. ಕುದುರೆ, ಬಂದೂಕು, ದವಸ ಹೊತ್ತು, ಗುಲಾಮಗಿರಿ ಇಲ್ಲದ ಮೆಕ್ಸಿಕೊ ಕಡೆಗೆ ಹೊರಟರು. ದಾರಿಯಲ್ಲಿ ಇನ್ನಷ್ಟು ಜನ ಸೇರಿಕೊಂಡರು. ಚೆರೋಕಿ ಸರ್ಕಾರ ತನ್ನ ಪಡೆಯನ್ನು ಅಟ್ಟಿತು. ಎರಡು ವಾರದೊಳಗೆ ಹಸಿದು ಬಳಲಿದ ಅವರು ಸಿಕ್ಕಿಬಿದ್ದರು. ಕೆಲವರಿಗೆ ಮರಣದಂಡನೆಯಾಯಿತು. ಉಳಿದವರಲ್ಲಿ ಹಲವರನ್ನು ಜೋಸೆಫ್ ತನ್ನ ದೋಣಿಗಳ ಕೆಲಸಕ್ಕೆ ಹಾಕಿದ.

1844ರ ಅಕ್ಟೋಬರ್‌ನಲ್ಲಿ ಒಹಾಯೊ ನದಿಯಲ್ಲಿ ಅವನ ‘ಲೂಸಿ ವಾಕರ್’ ಹಬೆ ದೋಣಿಯ ಬಾಯ್ಲರ್ ಸಿಡಿಯಿತು. ಜೋಸೆಫ್ ಅದರಲ್ಲೇ ಸತ್ತ. ಆ ದೋಣಿಗೆ ಅವನಿಟ್ಟದ್ದು ತನ್ನ ಪಂದ್ಯದ ಕುದುರೆಯ ಹೆಸರು.

ಪಟ್ಟಿಯಲ್ಲಿ ಯಾರ ಹೆಸರು?

ಚೆರೋಕಿ ಸರ್ಕಾರ 1863ರಲ್ಲಿ ಗುಲಾಮಗಿರಿ ರದ್ದು ಮಾಡಿತು. 1866ರ ಒಪ್ಪಂದದಲ್ಲಿ ಬಿಡುಗಡೆಯಾದವರಿಗೂ ಅವರ ಸಂತತಿಗೂ ಚೆರೋಕಿಗಳಿಗಿರುವ ಎಲ್ಲ ಹಕ್ಕೂ ಇದೆ ಎಂದು ಬರೆಯಲಾಯಿತು. ಆದರೆ ಆರು ತಿಂಗಳೊಳಗೆ ಊರಿಗೆ ಮರಳಿರಬೇಕೆಂಬ ಷರತ್ತಿತ್ತು. ಯುದ್ಧದಲ್ಲಿ ಚದುರಿದ್ದ ಎಷ್ಟೋ ಮಂದಿಗೆ ಅದು ಆಗಲಿಲ್ಲ.

ಶತಮಾನದ ಕೊನೆಗೆ ಜಮೀನು ಹಂಚಲು ಅಮೆರಿಕದ ಅಧಿಕಾರಿಗಳು ಪಟ್ಟಿ ಮಾಡಲು ಕೂತರು. ‘ರಕ್ತಸಂಬಂಧಿ ಚೆರೋಕಿ’ಗಳಿಗೆ ಒಂದು ಪಟ್ಟಿ, ‘ಬಿಡುಗಡೆಯಾದವರಿ’ಗೆ ಇನ್ನೊಂದು. ಚೆರೋಕಿ ಅಜ್ಜ, ಅಜ್ಜಿ ಇದ್ದ ಕಪ್ಪು ಜನರನ್ನೂ ಹಲವು ಬಾರಿ ಎರಡನೆಯದಕ್ಕೇ ಹಾಕಿದರು. ಅಧಿಕಾರಿ ಅಂದು ಯಾವ ಹಾಳೆಯಲ್ಲಿ ಹೆಸರು ಬರೆದನೋ, ಮೊಮ್ಮಕ್ಕಳ ಹಕ್ಕು ಅದರ ಮೇಲೆ ನಿಂತಿತು. 2007ರಲ್ಲಿ ಚೆರೋಕಿ ಮತದಾರರು ಮೊದಲ ಪಟ್ಟಿಯವರಿಗಷ್ಟೇ ಪೌರತ್ವ ಎಂದು ಸಂವಿಧಾನ ತಿದ್ದಿದರು. ಕೋರ್ಟಿನ ಮೆಟ್ಟಿಲು ಹತ್ತಿದ ಗುಲಾಮರ ವಂಶಸ್ಥರಿಗೆ 2017ರಲ್ಲಿ, 1866ರ ಒಪ್ಪಂದದ ಆಧಾರದ ಮೇಲೆಯೇ, ಹಕ್ಕು ಮರಳಿತು. 2021ರಲ್ಲಿ ಚೆರೋಕಿ ಸುಪ್ರೀಂ ಕೋರ್ಟ್ ಸಂವಿಧಾನದಿಂದ ‘ರಕ್ತದಿಂದ’ ಎಂಬ ಮಾತನ್ನೇ ತೆಗೆಯಿತು.

ಸ್ಪ್ರಿಂಗ್ ಪ್ಲೇಸ್‌ನ ಮನೆ 1958ರಿಂದ ಸಾರ್ವಜನಿಕರಿಗೆ ತೆರೆದಿದೆ. ಬಹುಕಾಲ ಅಲ್ಲಿ ಹೇಳುತ್ತಿದ್ದದ್ದು ಶ್ರೀಮಂತ ಮುಖಂಡನ ಕತೆ, ಅವನು ಕಳೆದುಕೊಂಡ ಮನೆಯ ಕತೆ. ಅದು ಸುಳ್ಳಲ್ಲ. ಆದರೆ ಆ ಹೊಲ ಉತ್ತವರ ವಂಶಸ್ಥರಲ್ಲಿ ಎಷ್ಟೋ ಜನರ ಹೆಸರಿನ ಕೊನೆಗೂ ‘ವಾನ್’ ಎಂದೇ ಇದೆ. ಮನೆತನದ ಚರಿತ್ರೆ ಬರೆಯುವಾಗ ಅವರನ್ನೂ ಸೇರಿಸಿಯೇ ಬರೆಯಬೇಕು.