ಪಹಣಿ ಇಲ್ಲದವರು ಮತ್ತು ನಾಯಕತ್ವದ ತರಬೇತಿ

ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ಭಾನುವಾರ ನಮ್ಮ ಕೇರಿಯ ಹುಡುಗಿಯೊಬ್ಬಳು ಒಂದು ಫಾರಂ ಹಿಡ್ಕೊಂಡು ಮನೆಗೆ ಬಂದಳು. ಡಿಗ್ರಿ ಮುಗಿಸಿ ಎರಡು ವರ್ಷದಿಂದ ಮನೆಯಲ್ಲೇ ಇದ್ದಾಳೆ. ಯಾವುದೋ ಸಂಸ್ಥೆಯವರು ಕೃಷಿ ಮತ್ತು ಗ್ರಾಮೀಣ ಸಮುದಾಯದ ಯುವಜನರಿಗೆ ನಾಯಕತ್ವ ತರಬೇತಿ ಕೊಡ್ತಾರಂತೆ. ಮೂರು ತಿಂಗಳು, ಊಟ ವಸತಿ ಅವರದೇ. "ಅಣ್ಣ, ನೀವು ಆಫೀಸಲ್ಲಿರೋರು, ಇದೊಂಚೂರು ತುಂಬ್ಕೊಡಿ" ಅಂದಳು. ಗುಮಾಸ್ತನಾಗಿ ಇಪ್ಪತ್ತು ವರ್ಷ ಆಯ್ತು, ಆಫೀಸಿನಲ್ಲೂ ಫಾರಂ, ಮನೆಗೆ ಬಂದರೂ ಫಾರಂ. ಹೆಸರು, ವಯಸ್ಸು, ವಿದ್ಯಾರ್ಹತೆ ಎಲ್ಲಾ ಬರೆದು ಏಳನೇ ಕಾಲಂಗೆ ಬಂದಾಗ ಪೆನ್ನು ನಿಂತಿತು. ಕುಟುಂಬದ ಜಮೀನಿನ ಸರ್ವೆ ನಂಬರ್, ವಿಸ್ತೀರ್ಣ, ಪಹಣಿ ಪ್ರತಿ ಲಗತ್ತಿಸುವುದು.

ಅವಳ ಅವ್ವ ಮೂವತ್ತು ವರ್ಷದಿಂದ ಬೇರೆಯವರ ಗದ್ದೆಯಲ್ಲಿ ನಾಟಿ ಹಾಕಿದ್ದಾಳೆ, ಕಳೆ ಕಿತ್ತಿದ್ದಾಳೆ, ಕಬ್ಬು ಕಡಿದಿದ್ದಾಳೆ. ಹೆಸರಲ್ಲಿ ಒಂದು ಗುಂಟೆ ಇಲ್ಲ. ಹುಡುಗಿ ನನ್ನ ಮುಖ ನೋಡಿ ಕೇಳಿದಳು, "ಹಂಗಾದ್ರೆ ನಾವು ಕೃಷಿ ಸಮುದಾಯ ಅಲ್ವಾ ಅಣ್ಣ?"

ಫಾರಂ ಇಲ್ಲೇ ಇರಲಿ, ಗುರುವಾರ ಬಾ ಅಂದೆ. ಆ ನಾಲ್ಕು ದಿನದಲ್ಲಿ ಹಳೆಯ ಪುಸ್ತಕ, ಟಿಪ್ಪಣಿ ಎಲ್ಲಾ ಕೆದಕಿದೆ. ಹಳ್ಳಿಯವರಿಗೆ ನಾಯಕತ್ವ ಕಲಿಸುವ ಈ ಶಾಲೆಗಳು ಎಲ್ಲಿಂದ ಬಂದವು, ಯಾರನ್ನು ಒಳಗೆ ಬಿಟ್ಟುಕೊಂಡವು ಅಂತ.

ಬೇರು ಇರೋದು ಡೆನ್ಮಾರ್ಕ್‌ನಲ್ಲಿ. ಗ್ರುಂಡ್‌ವಿಗ್ ಅಂತ ಒಬ್ಬ ಪಾದ್ರಿ, ಕವಿಯೂ ಹೌದು. ರೈತರ ಮಕ್ಕಳಿಗೆ ಪರೀಕ್ಷೆಯೂ ಇಲ್ಲದ, ಸರ್ಟಿಫಿಕೇಟೂ ಇಲ್ಲದ ಶಾಲೆ ಬೇಕು, ಅಲ್ಲಿ ಮಾತುಕತೆಯೇ ಪಾಠ ಆಗಬೇಕು ಅಂತ ವಾದಿಸಿದ. 1844ರಲ್ಲಿ ರೋಡಿಂಗ್ ಎಂಬಲ್ಲಿ ಮೊದಲ ಜನತಾ ಶಾಲೆ ಶುರುವಾಯ್ತು. ಹೊಲದ ಕೆಲಸ ಇಲ್ಲದ ಚಳಿಗಾಲದಲ್ಲಿ ಗಂಡುಹುಡುಗರು, ಬೇಸಿಗೆಯಲ್ಲಿ ಹೆಣ್ಣುಮಕ್ಕಳು ಅಲ್ಲೇ ಉಳಿದು ಕಲಿತರು. 1882ರಿಂದ ಬೆಳೆದ ಹಾಲಿನ ಸಹಕಾರ ಸಂಘಗಳನ್ನು ಕಟ್ಟಿದವರಲ್ಲಿ ಈ ಶಾಲೆಗಳಿಂದ ಬಂದವರು ಬಹಳ. ಆ ಸಂಘಗಳಲ್ಲಿ ಎಷ್ಟೇ ಹಸು ಇರಲಿ, ಒಬ್ಬರಿಗೆ ಒಂದೇ ಓಟು. ನಮ್ಮೂರ ಡೇರಿ ಎಲೆಕ್ಷನ್ ನೋಡಿದವರಿಗೆ ಇದರ ಬೆಲೆ ಗೊತ್ತು. ಆದರೆ ಆ ಶಾಲೆಗಳಿಗೆ ಹೆಚ್ಚಾಗಿ ಬಂದವರು ಸ್ವಂತ ಜಮೀನಿದ್ದ ರೈತರ ಮಕ್ಕಳು. ತುಂಡು ಭೂಮಿಯವರು, ಕೂಲಿಯವರು ಬಹಳ ಕಾಲ ಹೊರಗೇ ಉಳಿದರು. ಏಳನೇ ಕಾಲಂ ಅಲ್ಲೂ ಇತ್ತು, ಬರೆದಿರಲಿಲ್ಲ ಅಷ್ಟೆ. ನಮ್ಮ ಮೈಸೂರು ಸೀಮೆಗೂ ಆ ಗಾಳಿ ಬೀಸಿತ್ತು. ಸ್ವಾತಂತ್ರ್ಯ ಬಂದ ಕಾಲಕ್ಕೆ ವಯಸ್ಕರ ಶಿಕ್ಷಣ ಸಮಿತಿಯವರು ಡೆನ್ಮಾರ್ಕ್ ಮಾದರಿಯಲ್ಲೇ ನಂಜನಗೂಡಿನಲ್ಲಿ ಹಳ್ಳಿ ಯುವಕರಿಗೆ ವಿದ್ಯಾಪೀಠ ತೆರೆದಿದ್ದರು.

ನಾನು ಹೇಳಬೇಕು ಅಂತಿರೋದು ಡೆನ್ಮಾರ್ಕ್ ಕಥೆಯಲ್ಲ. ಅದನ್ನು ನೋಡಿಕೊಂಡು ಬಂದ ಒಬ್ಬ ಅಮೆರಿಕದ ಬಡ ಬಿಳಿಯನ ಕಥೆ. ಮೈಲ್ಸ್ ಹಾರ್ಟನ್. 1932ರಲ್ಲಿ ಟೆನ್ನೆಸೀ ರಾಜ್ಯದ ಗುಡ್ಡಗಾಡಿನಲ್ಲಿ, ಮಾಂಟ್‌ಈಗಲ್ ಹತ್ತಿರ, ಡಾನ್ ವೆಸ್ಟ್ ಎಂಬ ಗೆಳೆಯನ ಜೊತೆ ಹೈಲ್ಯಾಂಡರ್ ಫೋಕ್ ಸ್ಕೂಲ್ ಶುರುಮಾಡಿದ. ಸುತ್ತಮುತ್ತ ಗಣಿ ಕೂಲಿಗಳು, ಮರ ಕಡಿಯುವವರು, ಸಣ್ಣ ರೈತರು. ಅವರನ್ನು ಕರೆಸಿ ವೃತ್ತಾಕಾರದಲ್ಲಿ ಕೂರಿಸಿ, ನಿಮ್ಮ ಊರಿನ ತೊಂದರೆ ಏನು, ಈವರೆಗೆ ಏನು ಮಾಡಿದಿರಿ, ವಾಪಸ್ ಹೋಗಿ ಏನು ಮಾಡ್ತೀರಿ ಅಂತ ಕೇಳೋದೇ ಅಲ್ಲಿನ ಪಾಠ. ಹೊಗಳುವಾಗ ಒಂದು ಮಾತು ಮರೆಯಬಾರದು. ಮೊದಲ ಹನ್ನೆರಡು ವರ್ಷ ಅದು ಬಹುತೇಕ ಬಿಳಿಯರ ಶಾಲೆಯೇ. ಬಿಳಿಯರು ಕರಿಯರು ಒಂದೇ ಶಾಲೆಯಲ್ಲಿ ಕೂರಬಾರದು ಅಂತ ಆ ರಾಜ್ಯದ ಕಾನೂನು ಇತ್ತು. 1944ರಲ್ಲಿ ಕಾರ್ಮಿಕ ಸಂಘದ ಶಿಬಿರವೊಂದರಲ್ಲಿ ಎರಡೂ ಕಡೆಯವರು ಒಟ್ಟಿಗೆ ಉಳಿದರು, ಒಟ್ಟಿಗೆ ಉಂಡರು. ಅಲ್ಲಿಂದ ಮುಂದೆ ಹಿಂದೆ ಸರಿಯಲಿಲ್ಲ.

1955ರ ಬೇಸಿಗೆಯಲ್ಲಿ ಅಲಬಾಮಾದ ಮಾಂಟ್‌ಗಮರಿಯಿಂದ 42 ವರ್ಷದ ಹೆಂಗಸೊಬ್ಬರು ಆ ಶಾಲೆಗೆ ಬಂದರು. ದೊಡ್ಡ ಬಟ್ಟೆ ಅಂಗಡಿಯಲ್ಲಿ ಹೊಲಿಗೆ ಕೆಲಸ, ಸಂಜೆ ಹೊತ್ತು ಸಂಘಟನೆಯ ಕಾರ್ಯದರ್ಶಿ. ರೋಸಾ ಪಾರ್ಕ್ಸ್. ಸುಮಾರು ಎರಡು ವಾರ ಇದ್ದರು. ಬೆಳಿಗ್ಗೆ ಹಾಸಿಗೆಯಲ್ಲಿ ಎಚ್ಚರ ಆದಾಗ ಕಾಫಿ, ತಿಂಡಿಯ ವಾಸನೆ ಬರ್ತಿತ್ತು, ಅದನ್ನು ಮಾಡ್ತಿದ್ದವರು ಬಿಳಿಯರು, ಉಣ್ಣುವವಳು ನಾನು, ಅದೇ ನನಗೆ ದೊಡ್ಡ ಸಂತೋಷ ಅಂತ ಅವರು ಮುಂದೆ ನೆನಪು ಮಾಡಿಕೊಂಡಿದ್ದಾರೆ. ಓದಿ ಪುಸ್ತಕ ಮುಚ್ಚಿ ಸುಮ್ಮನೆ ಕೂತುಬಿಟ್ಟೆ.

ಯಾಕೆ ಅಂತ ಹೇಳ್ತೀನಿ. ಇಪ್ಪತ್ತಮೂರನೇ ವಯಸ್ಸಲ್ಲಿ ನಾನೂ ಒಂದು ಗ್ರಾಮೀಣ ಯುವ ನಾಯಕತ್ವ ಶಿಬಿರಕ್ಕೆ ಹೋಗಿದ್ದೆ. ಹತ್ತು ದಿನ. ವೇದಿಕೆಯಲ್ಲಿ ಹೇಗೆ ನಿಲ್ಲಬೇಕು, ಮೈಕ್ ಹೇಗೆ ಹಿಡೀಬೇಕು, ಕೈ ಎಲ್ಲಿಡಬೇಕು ಅಂತೆಲ್ಲ ಹೇಳಿಕೊಟ್ಟರು. ಮೂರನೇ ದಿನ ಊಟದ ಹೊತ್ತಲ್ಲಿ ಯಾರೋ ನಮ್ಮ ಊರು, ಬೀದಿ ವಿಚಾರಿಸಿದರು. ನಾಲ್ಕನೇ ದಿನದಿಂದ ನಾವು ಐದು ಜನ ಕೂತ ಸಾಲಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಯಾರೂ ಬಯ್ಯಲಿಲ್ಲ, ಏಳಿ ಅನ್ನಲಿಲ್ಲ, ಬಡಿಸುವುದೂ ಬಡಿಸಿದರು. ಸಂಜೆ ವಿಷಯ 'ಸಮಾನತೆ ಮತ್ತು ಯುವಜನ'. ನಾನು ಎದ್ದು ಕೇಳಲಿಲ್ಲ. ಕಲಿಸಿದ ಹಾಗೆ ನೆಟ್ಟಗೆ ಕೂತು ಚಪ್ಪಾಳೆ ಹೊಡೆದೆ. ಸರ್ಟಿಫಿಕೇಟ್ ಇನ್ನೂ ಟ್ರಂಕಿನಲ್ಲಿದೆ.

ರೋಸಾ ಪಾರ್ಕ್ಸ್ ವಿಷಯಕ್ಕೆ ಬರ್ತೀನಿ. ಶಿಬಿರದ ಕೊನೆಯಲ್ಲಿ ಎಲ್ಲರನ್ನೂ ಕೇಳಿದ ಹಾಗೆ ಅವರನ್ನೂ ಕೇಳಿದರು, ವಾಪಸ್ ಹೋಗಿ ಏನು ಮಾಡ್ತೀರಿ ಅಂತ. ನಮ್ಮೂರಲ್ಲಿ ಏನೂ ಆಗಲ್ಲ, ಜನ ಒಗ್ಗಟ್ಟಾಗಲ್ಲ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟರು. ಡಿಸೆಂಬರ್ 1ಕ್ಕೆ ಬಸ್ಸಿನಲ್ಲಿ ಸೀಟು ಬಿಡದೆ ಕೂತು ಅರೆಸ್ಟ್ ಆದರು. ಮಾಂಟ್‌ಗಮರಿಯ ಜನ 381 ದಿನ ಬಸ್ ಹತ್ತಲಿಲ್ಲ. ಕಾಲು ನೋಯ್ತಿದ್ದ ಪಾಪದ ಹೆಂಗಸು ಅಂತ ಶಾಲೆ ಪುಸ್ತಕದ ಕಥೆ ಹೇಳುತ್ತೆ. ಹನ್ನೆರಡು ವರ್ಷ ಸಂಘಟನೆಯಲ್ಲಿ ಸವೆದವರು ಅವರು, ತರಬೇತಿ ಪಡೆದು ಬಂದವರು. ನಮ್ಮ ಜನ ಏನು ಮಾಡಿದರೂ ಅದು ತಾನಾಗಿ ಆಯ್ತು ಅಂತ ಬರೆಯೋದು ಅಲ್ಲಿಯೂ ಅಭ್ಯಾಸ.

ಆ ಶಿಬಿರ ನಡೆಸಿದವರು ಸೆಪ್ಟಿಮಾ ಕ್ಲಾರ್ಕ್. ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನ ಮೇಷ್ಟ್ರಮ್ಮ. ಸರ್ಕಾರಿ ನೌಕರರು ಕರಿಯರ ಹಕ್ಕಿನ ಸಂಘಟನೆಯಲ್ಲಿ ಇರಬಾರದು ಅಂತ 1956ರಲ್ಲಿ ಆ ರಾಜ್ಯ ಕಾನೂನು ಮಾಡಿತು. ಬಹಳ ಜನ ಹೆಸರು ವಾಪಸ್ ತಗೊಂಡರು. ಈಯಮ್ಮ ತಗೊಳ್ಳಲಿಲ್ಲ. 40 ವರ್ಷ ಪಾಠ ಮಾಡಿದ ಕೆಲಸ ಹೋಯ್ತು, ಪೆನ್ಷನ್ನೂ ಹೋಯ್ತು. ಸಂಬಳದ ಮೇಲೆ ಬದುಕುವ ನನ್ನಂಥವನಿಗೆ ಪೆನ್ಷನ್ ಅಂದರೆ ಏನು ಅಂತ ಗೊತ್ತು. ಹಾರ್ಟನ್ ಅವರನ್ನು ಕರೆದು ಶಿಬಿರಗಳ ಹೊಣೆ ಪೂರ್ತಿ ಒಪ್ಪಿಸಿದ.

ಇನ್ನು ಕಥೆಯ ಮುಖ್ಯ ಭಾಗ. ಚಾರ್ಲ್ಸ್‌ಟನ್ ಪಕ್ಕ ಜಾನ್ಸ್ ಐಲ್ಯಾಂಡ್ ಅಂತ ಒಂದು ದ್ವೀಪ. ಹತ್ತಿ, ತರಕಾರಿ ಬೆಳೆಯುವ ಹೊಲಗಳಲ್ಲಿ ದುಡಿಯೋ ಕರಿಯರು. ಅಲ್ಲಿ ಓಟಿನ ಹಕ್ಕು ಬೇಕು ಅಂದರೆ ರಾಜ್ಯದ ಸಂವಿಧಾನದ ಒಂದು ಭಾಗ ಓದಿ ಬರೆದು ತೋರಿಸಬೇಕು. ಇಲ್ಲವೇ 300 ಡಾಲರ್ ಬೆಲೆಯ ಆಸ್ತಿಗೆ ತೆರಿಗೆ ಕಟ್ಟಿರಬೇಕು. ನೋಡಿ, ಅಲ್ಲೂ ಪಹಣಿ! ಆಸ್ತಿ ಇದ್ದವನಿಗೆ ಅಕ್ಷರ ಬೇಡ, ಇಲ್ಲದವನು ಪರೀಕ್ಷೆ ಪಾಸಾಗಬೇಕು.

ಈಸಾ ಜೆಂಕಿನ್ಸ್ ಅನ್ನುವವರು ಬೇಸಾಯದ ಜೊತೆ ಬಸ್ಸನ್ನೂ ಇಟ್ಟಿದ್ದರು. ಬೆಳಗಿನ ಜಾವ ಕೂಲಿಯವರನ್ನು, ಮನೆಕೆಲಸದವರನ್ನು ಪಟ್ಟಣಕ್ಕೆ ಕರ್ಕೊಂಡು ಹೋಗೋ ಬಸ್ಸು. ದಾರಿಯಲ್ಲೇ ಸಂವಿಧಾನದ ಸಾಲುಗಳನ್ನು ಹೇಳಿಕೊಡ್ತಿದ್ದರು. ಆಲಿಸ್ ವೈನ್ ಎಂಬ ಹೆಂಗಸು ಓದೋಕೆ ಬರದಿದ್ದರೂ ಕೇಳಿ ಕೇಳಿಯೇ ಬಾಯಿಪಾಠ ಮಾಡಿದರು. ನನಗೆ ಸರಿಯಾಗಿ ಓದೋಕೇ ಕಲಿಸಿ ಅಂತಲೂ ಕೇಳಿದರು. ಜೆಂಕಿನ್ಸ್ 1954ರಲ್ಲಿ ಹೈಲ್ಯಾಂಡರ್‌ಗೆ ಹೋದಾಗ ಈ ಬೇಡಿಕೆಯನ್ನೇ ಇಟ್ಟರು.

ಸರ್ಕಾರದ ವಯಸ್ಕರ ಶಿಕ್ಷಣ ಅಲ್ಲಿ ಮೊದಲೂ ಇತ್ತು. ದೊಡ್ಡವರನ್ನು ಮಕ್ಕಳ ಬೆಂಚಿನಲ್ಲಿ ಕೂರಿಸಿ ಮಕ್ಕಳ ಪಾಠ ಓದಿಸ್ತಿದ್ದರು. ನಾಚಿಕೆಯಿಂದ ಜನ ಬಿಟ್ಟುಹೋದರು. ಈ ಸಲ ಹೈಲ್ಯಾಂಡರ್ ಕೊಟ್ಟ ಸಾಲದಲ್ಲಿ ಒಂದು ಹಳೇ ಕಟ್ಟಡ ಕೊಂಡರು. ಮುಂದೆ ಸಹಕಾರಿ ಅಂಗಡಿ, ಹಿಂದೆ ಕಿಟಕಿ ಇಲ್ಲದ ಕೋಣೆ. ಬಿಳಿಯರು ನೋಡಿದರೆ ಅಂಗಡಿ ಮಾತ್ರ ಕಾಣಬೇಕು. 1957ರ ಜನವರಿ 7ರ ರಾತ್ರಿ ಮೊದಲ ತರಗತಿ. ಬಂದವರು 14 ಜನ. ಟೀಚರ್ ಬರ್ನೀಸ್ ರಾಬಿನ್ಸನ್, ಸೆಪ್ಟಿಮಾ ಅವರ ಸಂಬಂಧಿ, ಕೂದಲು ಬಾಚಿ ಸಿಂಗಾರ ಮಾಡುವ ಕಸುಬಿನವರು, ಯಾವತ್ತೂ ಪಾಠ ಮಾಡಿದವರಲ್ಲ. ಟೀಚರ್ ಓದಿದವರು ಬೇಡ, ಕೂಲಿಯವರನ್ನು ಕೀಳಾಗಿ ನೋಡದವರು ಬೇಕು ಅಂತಲೇ ಅವರನ್ನು ಆರಿಸಿದ್ದು. ನಿಮಗೆ ಏನು ಕಲೀಬೇಕು ಅಂತ ಅವರು ಮೊದಲು ಕೇಳಿದರು. ಮಗನ ಕಾಗದ ಓದಬೇಕು, ಬೈಬಲ್ ಓದಬೇಕು, ಮನಿಯಾರ್ಡರ್ ತುಂಬಬೇಕು ಅಂದರು. ಅವೇ ಪಾಠ ಆದವು. ಗೋಡೆಯ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ಅಂಟಿಸಿ, ಚಳಿಗಾಲ ಮುಗಿಯೋ ಹೊತ್ತಿಗೆ ಇದನ್ನು ನೀವೇ ಓದ್ತೀರಿ ಅಂದರು. ಅರವತ್ತು ದಾಟಿದ ಅಜ್ಜಿಯೊಬ್ಬರು ಬೋರ್ಡಿನ ಮೇಲಿದ್ದ ಹೆಸರುಗಳಲ್ಲಿ ತನ್ನ ಹೆಸರನ್ನು ತಾನೇ ಗುರುತು ಹಿಡಿದ ದಿನ ಮೈ ಜುಮ್ಮೆಂದಿತು ಅಂತ ರಾಬಿನ್ಸನ್ ಹೇಳ್ತಿದ್ದರು. ಹೆಬ್ಬೆಟ್ಟಿನ ಶಾಯಿ ಸೆರಗಿಗೆ ಒರೆಸಿಕೊಳ್ಳುವ ನಮ್ಮ ಅಜ್ಜಿಯರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಇನ್ನೊಂದು ತಾರೀಕು ನೆನಪಿಗೆ ಬರುತ್ತೆ. 1956ರ ಜುಲೈನಲ್ಲಿ ಬಾಬಾಸಾಹೇಬರು ಮುಂಬೈನಲ್ಲಿ ರಾಜಕೀಯ ಪ್ರವೇಶಕ್ಕೆ ತರಬೇತಿ ಶಾಲೆ ತೆರೆದರು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ. ಮೊದಲ ತಂಡದಲ್ಲಿ 15 ವಿದ್ಯಾರ್ಥಿಗಳು. ಡಿಸೆಂಬರ್ 6ಕ್ಕೆ ಬಾಬಾಸಾಹೇಬರು ಹೋದರು. 1957ರ ಮಾರ್ಚ್ ಹೊತ್ತಿಗೆ ಶಾಲೆ ಮುಚ್ಚಿತು. ಅಲ್ಲಿ 14 ಜನರ ಕೋಣೆಯಲ್ಲಿ ದೀಪ ಹತ್ತಿದ ಚಳಿಗಾಲದಲ್ಲೇ ಇಲ್ಲಿ 15 ಜನರ ಕೋಣೆಯ ಬಾಗಿಲು ಹಾಕಿತು. ಜಯಂತಿಗೆ ಪ್ರತಿಮೆ, ಡಿಜೆ, ಫ್ಲೆಕ್ಸ್ ಎಲ್ಲಾ ಮಾಡ್ತೀವಿ. ಆ ಶಾಲೆಯನ್ನು ಮತ್ತೆ ತೆರೆಯೋಣ ಅಂತ ನಾನಿದ್ದ ಯಾವ ಸಂಘದ ಸಭೆಯಲ್ಲೂ ಅಜೆಂಡಾ ಬಂದದ್ದನ್ನು ನೋಡಿಲ್ಲ. ನಾನೂ ತಂದಿಲ್ಲ.

ಹೈಲ್ಯಾಂಡರನ್ನೂ ಸುಮ್ಮನೆ ಬಿಡಲಿಲ್ಲ. 1957ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿಗೆ ಬಂದಾಗ ತೆಗೆದ ಫೋಟೋವನ್ನು ಕಮ್ಯುನಿಸ್ಟ್ ತರಬೇತಿ ಶಾಲೆಯಲ್ಲಿ ಕಿಂಗ್ ಅಂತ ದೊಡ್ಡ ಬೋರ್ಡುಗಳಲ್ಲಿ ರಸ್ತೆ ಬದಿ ಹಾಕಿದರು. 1959ರಲ್ಲಿ ಪೊಲೀಸರು ನುಗ್ಗಿ ಹೆಂಡ ಇಟ್ಟಿದ್ದಾರೆ ಅಂತ ಸೆಪ್ಟಿಮಾರನ್ನು ಹಿಡಿದುಕೊಂಡು ಹೋದರು. ಅವರು ಹೆಂಡ ಮುಟ್ಟದವರು. 1961ರಲ್ಲಿ ಶಾಲೆಯ ಪರವಾನಗಿ ಹೋಗಿ ಆಸ್ತಿ ಹರಾಜಾಯ್ತು. ಹಾರ್ಟನ್ ಬೇರೆ ಹೆಸರಲ್ಲಿ ನಾಕ್ಸ್‌ವಿಲ್‌ನಲ್ಲಿ ಮತ್ತೆ ಶುರು ಮಾಡಿದ. ರಾತ್ರಿ ಶಾಲೆಗಳು ಅಷ್ಟರಲ್ಲಿ ಕಿಂಗ್ ಅವರ ಸಂಘಟನೆಯ ಕೈಗೆ ಹೋಗಿ ದಕ್ಷಿಣದ ತುಂಬಾ ಹರಡಿದವು. ಅಲ್ಲೂ ಸೆಪ್ಟಿಮಾಗೆ ಸುಖ ಇರಲಿಲ್ಲ. ಈ ಹೆಂಗಸು ಕಾರ್ಯಕಾರಿ ಸಮಿತಿಯಲ್ಲಿ ಯಾಕಿದ್ದಾಳೆ ಅಂತ ಮುಖಂಡರೇ ಕೇಳೋರು. ಎಲ್ಲಾ ಮೆರವಣಿಗೆಗೂ ನೀವೇ ಮುಂದೆ ನಡೀಬೇಡಿ, ಬೇರೆಯವರನ್ನೂ ಬೆಳೆಸಿ ಅಂತ ಕಿಂಗ್‌ಗೆ ಕಾಗದ ಬರೆದರೆ ಅದನ್ನು ಸಭೆಯಲ್ಲಿ ಓದಿ ನಕ್ಕರಂತೆ. ನಮ್ಮ ಸಂಘದ ಮೀಟಿಂಗುಗಳಲ್ಲಿ ಟೀ ತರೋರು ಯಾರು, ಮೈಕ್ ಹಿಡಿಯೋರು ಯಾರು ಅಂತ ಎಲ್ಲರಿಗೂ ಗೊತ್ತಿದೆ, ಹೆಚ್ಚು ಬರೆಯಲ್ಲ.

ಆ ತರಬೇತಿಗೆ ಹೋದವರಲ್ಲಿ ಫ್ಯಾನಿ ಲೂ ಹೇಮರ್ ಒಬ್ಬರು. ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ 18 ವರ್ಷ ದುಡಿದವರು. 1962ರಲ್ಲಿ ಓಟಿಗೆ ಹೆಸರು ಬರೆಸೋಕೆ ಹೋಗಿದ್ದಕ್ಕೆ ಅದೇ ದಿನ ಜಮೀನ್ದಾರ ಮನೆ ಬಿಡಿಸಿದ. 1963ರ ಜೂನ್‌ನಲ್ಲಿ ತರಬೇತಿ ಮುಗಿಸಿ ವಾಪಸ್ ಬರುವಾಗ ವಿನೋನಾ ಜೈಲಿನಲ್ಲಿ ಹೊಡೆಸಿದ ಪೆಟ್ಟು ಸಾಯುವವರೆಗೂ ಮೈಯಲ್ಲಿತ್ತು. 1969ರಲ್ಲಿ ಅವರು 40 ಎಕರೆಯಿಂದ ಒಂದು ಸಹಕಾರಿ ಬೇಸಾಯ ಶುರು ಮಾಡಿದರು. ಅದರ ಜೊತೆಗೆ ಹಂದಿ ಬ್ಯಾಂಕ್. ಮನೆಗೊಂದು ಹೆಣ್ಣು ಹಂದಿ ಕೊಡೋದು, ಮರಿ ಹಾಕಿದ ಮೇಲೆ ಕೆಲವು ಮರಿ ಬ್ಯಾಂಕಿಗೆ ವಾಪಸ್, ಅದು ಮುಂದಿನ ಮನೆಗೆ. ಪಹಣಿ ಇಲ್ಲದವರು ಹೀಗೆ ಕೃಷಿ ಸಮುದಾಯ ಆದರು.

ಗುರುವಾರ ಹುಡುಗಿ ಬಂದಳು, ಜೊತೆಗೆ ಅವಳ ಅವ್ವನೂ. ಏಳನೇ ಕಾಲಂನಲ್ಲಿ 'ಅನ್ವಯಿಸುವುದಿಲ್ಲ' ಅಂತ ಬರೆಯೋದು ಗುಮಾಸ್ತನ ಅಭ್ಯಾಸ. ಬರೆಯಲಿಲ್ಲ. 'ಸ್ವಂತ ಜಮೀನು ಇಲ್ಲ. ತಾಯಿ ಮೂವತ್ತು ವರ್ಷಗಳಿಂದ ಕೃಷಿ ಕೂಲಿ. ಭತ್ತ, ಕಬ್ಬು, ರಾಗಿ' ಅಂತ ಬರೆದು ಉದ್ಯೋಗ ಖಾತ್ರಿ ಜಾಬ್ ಕಾರ್ಡಿನ ಜೆರಾಕ್ಸ್ ಲಗತ್ತಿಸಿದೆವು. ಒಂದು ಬಿಳಿ ಹಾಳೆಯಲ್ಲಿ, ಭೂರಹಿತ ಕೃಷಿ ಕಾರ್ಮಿಕರ ಮಕ್ಕಳನ್ನೂ ಪರಿಗಣಿಸಬೇಕು ಅಂತ ಪ್ರತ್ಯೇಕ ಮನವಿ ಬರೆಸಿದೆ, ಅವಳ ಕೈಬರಹದಲ್ಲೇ. ರಿಜಿಸ್ಟರ್ಡ್ ಪೋಸ್ಟ್ ಮಾಡಿ ರಸೀತಿ ಇಟ್ಕೋ ಅಂದೆ.

ಅವಳ ಅವ್ವ ಅಲ್ಲಿವರೆಗೂ ಮಾತಾಡಿರಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು, "ಅಲ್ಲಿ ಉಣ್ಣಕ್ಕೆ ಎಲ್ರೂ ಒಟ್ಟಿಗೆ ಕೂತ್ಕೊತಾರಾ, ಸಾ?"

ಗೊತ್ತಿಲ್ಲ ಕಣವ್ವ ಅಂದೆ. ಸೋಮವಾರ ಆ ಸಂಸ್ಥೆಗೆ ಫೋನ್ ಮಾಡಿ ಕೇಳ್ತೀನಿ.