ಬೆಳ್ಗೊಳದ ಯಾತ್ರಿಕರ ಸೇವೆ: ಒಂದು ಐತಿಹಾಸಿಕ ನೋಟ

ಶ್ರವಣಬೆಳ್ಗೊಳದ ಹೆಸರಿನಲ್ಲಿಯೇ ನೀರಿದೆ. ‘ಬಿಳಿಯ ಕೊಳ’ವೇ ಬೆಳ್ಗೊಳವಾಯಿತು. ಕ್ರಿ.ಶ. ೯೮೧ರ ಸುಮಾರಿಗೆ ಚಾವುಂಡರಾಯನು ವಿಂಧ್ಯಗಿರಿಯ ಮೇಲೆ ೫೮ ಅಡಿಗಳ ಗೊಮ್ಮಟಮೂರ್ತಿಯನ್ನು ನಿರ್ಮಿಸಿದ ಬಳಿಕ ಕ್ಷೇತ್ರದ ಕೀರ್ತಿ ದೇಶದಲ್ಲೆಲ್ಲ ಹರಡಿತು. ಯಾತ್ರಿಕರಿಗೂ ಊರವರಿಗೂ ಅನುಕೂಲಗಳನ್ನು ಒದಗಿಸುವುದನ್ನು ಪೂರ್ವಿಕರು ಜಿನಪೂಜೆಯ ಅಂಗವೆಂದೇ ಬಗೆದಿದ್ದರು.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಗೊಮ್ಮಟನಿಗೆ ಸುತ್ತಾಲಯವನ್ನು ಕಟ್ಟಿಸಿದನು. ಆತನ ಅಣ್ಣನ ಪತ್ನಿ ಜಕ್ಕಿಯಬ್ಬೆಯು ಕೆರೆಯನ್ನು ಕಟ್ಟಿಸಿದಳು. ಜಕ್ಕಿಕಟ್ಟೆಯೆಂಬ ಹೆಸರಿನಲ್ಲಿ ಆಕೆಯ ನೆನಪು ಉಳಿದಿದೆ. ಭಂಡಾರಿ ಹುಳ್ಳನು ಚತುರ್ವಿಂಶತಿ ತೀರ್ಥಂಕರರ ಬಸದಿಯನ್ನು ನಿರ್ಮಿಸಿದಾಗ, ೧೧೫೯ರಲ್ಲಿ ಒಂದನೆಯ ನರಸಿಂಹನು ಸವಣೇರು ಗ್ರಾಮವನ್ನು ಅದಕ್ಕೆ ದತ್ತಿಯಾಗಿತ್ತನು. ಕಟ್ಟಡದೊಡನೆ ಅದರ ನಿರ್ವಹಣೆಗೆ ಬೇಕಾದ ಆದಾಯವನ್ನೂ ಕಲ್ಪಿಸುವುದು ಅಂದಿನ ಕ್ರಮವಾಗಿತ್ತು.

ಈ ವಿಷಯದಲ್ಲಿ ೧೩೬೮ರ ಬುಕ್ಕರಾಯನ ಶಾಸನ ವಿಶೇಷ ಗಮನಾರ್ಹವಾದುದು. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಬಗೆಹರಿಸಿ ಅರಸನು ಉಭಯರಲ್ಲಿ ಭೇದವಿಲ್ಲವೆಂದು ಸಾರಿದನು. ರಾಜ್ಯದ ಜೈನರಿಂದ ಮನೆಗೆ ವರ್ಷಕ್ಕೊಂದು ಹಣದಂತೆ ಸಂಗ್ರಹಿಸಿ, ಬೆಳ್ಗೊಳದ ದೇವರ ಅಂಗರಕ್ಷಣೆಗೆ ೨೦ ಮಂದಿಯನ್ನು ನೇಮಿಸಬೇಕೆಂದೂ ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳನ್ನು ದುರಸ್ತಿ ಮಾಡಿಸಬೇಕೆಂದೂ ಏರ್ಪಾಡಾಯಿತು. ಹಣವನ್ನು ಸಂಗ್ರಹಿಸಿ ವಿನಿಯೋಗಿಸುವ ಹೊಣೆಯನ್ನು ಹೊತ್ತವರು ತಿರುಮಲೆಯ ವೈಷ್ಣವ ಗುರು ತಾತಯ್ಯನವರೆಂಬುದು ಸ್ಮರಣೀಯ. ಒಂದು ಕ್ಷೇತ್ರದ ಕ್ಷೇಮಕ್ಕೆ ಅನ್ಯಧರ್ಮೀಯರ ಸೌಹಾರ್ದವೂ ಆಧಾರವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.

ಊರ ನಡುವಣ ಕಲ್ಯಾಣಿಯ ಕಾರ್ಯವನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರು ಆರಂಭಿಸಿದರೆಂದೂ, ಅದು ಮುಗಿಯುವ ಮೊದಲೇ ಅವರು ತೀರಿಕೊಳ್ಳಲು, ಟಂಕಸಾಲೆಯ ಅಧಿಕಾರಿ ಅಣ್ಣಯ್ಯನು ಅದನ್ನು ಪೂರೈಸಿದನೆಂದೂ ಅನಂತಕವಿಯ ಕೃತಿಯಿಂದ ತಿಳಿದುಬರುತ್ತದೆ. ಒಬ್ಬರು ತೊಡಗಿದ ಸತ್ಕಾರ್ಯವನ್ನು ಮತ್ತೊಬ್ಬರು ಕೈಬಿಡದೆ ನಡೆಸಿದರು.

೧೯೮೧ರ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕಕ್ಕೆ ಲಕ್ಷಾಂತರ ಜನ ನೆರೆದರು. ಬೆಳ್ಗೊಳದ ಮೂಲಕ ಸಾಗುವ ಬೆಂಗಳೂರು–ಹಾಸನ ರೈಲುಮಾರ್ಗ ೨೦೧೭ರಲ್ಲಿ ಪೂರ್ಣಗೊಂಡು, ೨೦೧೮ರ ಅಭಿಷೇಕದ ವೇಳೆಗೆ ಸಂಚಾರಕ್ಕೆ ಒದಗಿತು. ಉತ್ಸವ ಮುಗಿದ ಮೇಲೂ ಆ ರೈಲು ಸುತ್ತಣ ಊರುಗಳ ವಿದ್ಯಾರ್ಥಿಗಳಿಗೆ, ವ್ಯಾಪಾರಿಗಳಿಗೆ, ರೋಗಿಗಳಿಗೆ ಉಪಯುಕ್ತವಾದುದು. ಸೌಕರ್ಯದ ಸಾರ್ಥಕತೆಯನ್ನು ಅಳೆಯಬೇಕಾದುದು ಉತ್ಸವದ ದಿನಗಳಿಂದಲ್ಲ, ಉಳಿದ ದಿನಗಳಿಂದ.

ಹೊಸ ಬಸದಿಯಲ್ಲಿ ಜಿನಬಿಂಬ ಪ್ರತಿಷ್ಠೆಗೊಳ್ಳುತ್ತಿರುವ ಈ ಶುಭಸಂದರ್ಭದಲ್ಲಿ ಬೆಳ್ಗೊಳದ ಪಾಠ ಮನನೀಯ. ಶಿಖರಕ್ಕೆ ಕಲಶವಿಟ್ಟಲ್ಲಿಗೆ ಕರ್ತವ್ಯ ಮುಗಿಯದು. ದಾರಿ, ನೀರು, ತಂಗುದಾಣಗಳನ್ನೂ ಅವುಗಳ ಪಾಲನೆಗೆ ತಕ್ಕ ನಿಧಿಯನ್ನೂ ಕಲ್ಪಿಸಿದಾಗಲೇ ಜಕ್ಕಿಯಬ್ಬೆ, ಹುಳ್ಳರ ಪರಂಪರೆ ಮುಂದುವರಿಯುವುದು.