ಗೆದ್ದ ಮೈತ್ರಿಯಲ್ಲಿ ಸೊರಗಿದ ಪಕ್ಷ: ರಾಜಾಜಿ ಮತ್ತು ಸ್ವತಂತ್ರ ಪಕ್ಷ

ಇವತ್ತು ನಾನು ಎರಡು ಅಲ್ಪಾಯುಷಿ ಚುನಾವಣಾ ಮೈತ್ರಿಗಳ ಬಗ್ಗೆ ಮಾತಾಡ್ತೀನಿ. ಒಂದು 1967ರದ್ದು, ಇನ್ನೊಂದು 1971ರದ್ದು. ಎರಡರಲ್ಲೂ ಇದ್ದವರು ಹೊಸೂರಿನ ಪಕ್ಕದ ತೊರಪಲ್ಲಿ ಅಗ್ರಹಾರದಲ್ಲಿ 1878ರಲ್ಲಿ ಹುಟ್ಟಿದ ಸಿ. ರಾಜಗೋಪಾಲಾಚಾರಿ. ಸ್ವತಂತ್ರ ಪಕ್ಷ ಮುಳುಗಿದ್ದು 1971ರ ಸೋಲಿನಿಂದ ಅಂತ ಸಾಮಾನ್ಯವಾಗಿ ಹೇಳ್ತಾರೆ. ಅದರ ದೌರ್ಬಲ್ಯ 1967ರ ಗೆಲುವಿನಲ್ಲೇ ಕಾಣುತ್ತೆ ಅನ್ನೋದು ನನ್ನ ವಾದ.

1959ರ ಜನವರಿಯಲ್ಲಿ ಕಾಂಗ್ರೆಸ್ಸಿನ ನಾಗಪುರ ಅಧಿವೇಶನ ಸಹಕಾರಿ ಜಂಟಿ ಬೇಸಾಯದ ನಿರ್ಣಯ ಮಾಡಿತು. ಅದನ್ನು ವಿರೋಧಿಸಿ ಅದೇ ವರ್ಷ ರಾಜಾಜಿ, ಎನ್.ಜಿ. ರಂಗಾ, ಮೀನೂ ಮಸಾನಿ ಮೊದಲಾದವರು ಸ್ವತಂತ್ರ ಪಕ್ಷ ಕಟ್ಟಿದರು. ರೈತನ ಜಮೀನು ರೈತನಿಗೇ ಇರಬೇಕು, ಲೈಸೆನ್ಸ್-ಪರ್ಮಿಟ್ ರಾಜ್ಯ ಕೊನೆಯಾಗಬೇಕು ಎಂಬುದು ಅದರ ನಿಲುವು.

1967ರಲ್ಲಿ ಮದ್ರಾಸಿನಲ್ಲಿ ಈ ಪಕ್ಷ ಡಿಎಂಕೆ ಜೊತೆ ಸೇರಿತು. ಅದೇ ಕೂಟದಲ್ಲಿ ಸಿಪಿಎಂ ಕೂಡ ಇತ್ತು ನೋಡಿ! ಅಂದಮೇಲೆ ಇದು ಆರ್ಥಿಕ ನೀತಿಯ ಮೈತ್ರಿ ಅಲ್ಲ. ಕಾಂಗ್ರೆಸ್ ವಿರೋಧ ಎಲ್ಲರನ್ನೂ ಒಟ್ಟಿಗೆ ತಂದಿತ್ತು. ಡಿಎಂಕೆಗೂ ರಾಜಾಜಿಗೂ ಹಿಂದಿ ಹೇರಿಕೆಯ ವಿರೋಧವೂ ಸಮಾನವಾಗಿತ್ತು. 1938ರಲ್ಲಿ ಶಾಲೆಗಳಿಗೆ ಹಿಂದಿ ತಂದವರೂ ಇದೇ ರಾಜಾಜಿ ಅನ್ನೋದನ್ನ ಮರೆಯಬಾರದು.

ಕಾಂಗ್ರೆಸ್ ಮತ್ತು ಡಿಎಂಕೆ ಎರಡಕ್ಕೂ ಬಂದ ಮತ ಶೇ. 41ರ ಆಸುಪಾಸು. ಆದರೆ 234 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 51, ಡಿಎಂಕೆಗೆ 137, ಸ್ವತಂತ್ರಕ್ಕೆ 20. ಸೀಟು ಹಂಚಿಕೆಯಿಂದ ವಿರೋಧಿ ಮತ ಒಡೆಯಲಿಲ್ಲ. ಆದರೆ ಡಿಎಂಕೆಗೆ ತಾನೊಂದೇ ಬಹುಮತ ಸಿಕ್ಕಿತು. ಹಾಗಾಗಿ ಮಿತ್ರಪಕ್ಷದ ಈ 20 ಜನರ ಮಾತು ಕೇಳಲೇಬೇಕಾದ ಅಗತ್ಯ ಅದಕ್ಕೆ ಉಳಿಯಲಿಲ್ಲ, ಅಲ್ವಾ?

1971ರ ಹೊತ್ತಿಗೆ ಡಿಎಂಕೆ ಇಂದಿರಾ ಕಾಂಗ್ರೆಸ್ ಕಡೆ ಹೋಗಿತ್ತು. ರಾಜಾಜಿ ತಮ್ಮ ಹಳೆಯ ಪ್ರತಿಸ್ಪರ್ಧಿ ಕಾಮರಾಜರ ಸಂಸ್ಥಾ ಕಾಂಗ್ರೆಸ್ ಜೊತೆ ನಿಂತರು. ದೇಶಮಟ್ಟದ ಮಹಾಮೈತ್ರಿಯಲ್ಲಿ ಜನಸಂಘ, ಸಂಯುಕ್ತ ಸೋಷಲಿಸ್ಟರೂ ಇದ್ದರು. ಲೋಕಸಭೆಯಲ್ಲಿ ಸ್ವತಂತ್ರ ಪಕ್ಷ 44ರಿಂದ 8ಕ್ಕೆ ಇಳಿಯಿತು. ನಮ್ಮ ಮೈಸೂರು ರಾಜ್ಯದಲ್ಲಿ ಅದಕ್ಕಿದ್ದ 5 ಸ್ಥಾನಗಳೂ ಹೋದವು. 27ಕ್ಕೆ 27 ಇಂದಿರಾ ಕಾಂಗ್ರೆಸ್ ಪಾಲಾಯಿತು.

1937ರಲ್ಲಿ ರಾಜಾಜಿ ಸರ್ಕಾರ ಪಾನನಿಷೇಧವನ್ನು ಮೊದಲು ಜಾರಿ ಮಾಡಿದ್ದು ಸೇಲಂ ಜಿಲ್ಲೆಯಲ್ಲಿ. ತೊರಪಲ್ಲಿಯೂ ಆಗ ಅದೇ ಜಿಲ್ಲೆಗೆ ಸೇರಿತ್ತು. 1971ರಲ್ಲಿ ಕರುಣಾನಿಧಿ ಸರ್ಕಾರ ನಿಷೇಧ ಸಡಿಲಿಸಲು ಹೊರಟಾಗ ರಾಜಾಜಿ ಖುದ್ದಾಗಿ ಬೇಡವೆಂದು ಕೇಳಿಕೊಂಡರು. ನಡೆಯಲಿಲ್ಲ. ತಾವೇ ಅಧಿಕಾರಕ್ಕೆ ತರಲು ನೆರವಾದ ಪಕ್ಷದ ಮೇಲೆ ಅವರಿಗೆ ಉಳಿದಿದ್ದು ವಿನಂತಿ ಮಾತ್ರ.

1972ರ ಡಿಸೆಂಬರಿನಲ್ಲಿ ರಾಜಾಜಿ ತೀರಿಕೊಂಡರು. 1974ರಲ್ಲಿ ಪಕ್ಷ ಭಾರತೀಯ ಲೋಕದಳದಲ್ಲಿ ಲೀನವಾಯಿತು. ಯಾರನ್ನು ಸೋಲಿಸಬೇಕು ಅನ್ನೋದರ ಮೇಲೆ ಮಾತ್ರ ಒಪ್ಪಂದವಾದರೆ, ಗೆದ್ದ ಮಾರನೇ ದಿನ ಚಿಕ್ಕ ಪಕ್ಷದ ಕೈಯಲ್ಲಿ ಏನಿರುತ್ತೆ? ಚರ್ಚೆಯನ್ನು ಈ ಪ್ರಶ್ನೆಯಿಂದ ಶುರು ಮಾಡೋಣ.